ಒಂದು ಕೋಟಿ ನಲವತ್ತು ಲಕ್ಷ ಬಿಸಿಯೂಟ

ಸಾಧಾರಣ ಗಾತ್ರದ ಒಂದು ಚಂಡಮಾರುತ ಒಂದೇ ದಿನದಲ್ಲಿ ಸುರಿಸುವ ಮಳೆ ಸುಮಾರು 2,100 ಕೋಟಿ ಟನ್. ನೀರಾವಿ ಹೀಗೆ ಮೋಡವಾಗಿ ಮಳೆಯಾಗುವಾಗ ಹೊರಬೀಳುವ ಶಾಖವನ್ನು ಅಮೆರಿಕದ ಹವಾಮಾನ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಆ ಲೆಕ್ಕ ಹಾಕಿದ ಕಾಲಕ್ಕೆ ಜಗತ್ತಿನ ವಿದ್ಯುತ್ ಸ್ಥಾವರಗಳನ್ನೆಲ್ಲ ಒಟ್ಟಿಗೆ ಓಡಿಸಿದರೆ ಸಿಗುತ್ತಿದ್ದ ಶಕ್ತಿಯ 200 ಪಟ್ಟು! ಮರ ಉರುಳಿಸಿ, ಚಾವಣಿ ಕಿತ್ತು ಟಿ.ವಿ.ಯಲ್ಲಿ ನಮ್ಮನ್ನು ಬೆಚ್ಚಿಬೀಳಿಸುವ ಆ ಗಾಳಿಯ ಪಾಲು ಇದರಲ್ಲಿ ನಾನೂರರಲ್ಲೊಂದು. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಟೆಕ್ಸಸ್ ಮೇಲೆ ಕೂತು ಕದಲದೇ ಇದ್ದಾಗ ನೆದರ್‌ಲ್ಯಾಂಡ್ ಎಂಬ ಊರಿನಲ್ಲಿ ಕೆಲವೇ ದಿನಗಳಲ್ಲಿ 1,539 ಮಿಲಿಮೀಟರ್ ಮಳೆ ಬಿತ್ತು. ಐದು ಅಡಿಗೂ ಮೇಲೆ.

ಇದರ ಮುಂದೆ ಒಂದು ಚರ್ಚು ಏನು ಮಾಡೀತು?

1967ರ ಸೆಪ್ಟೆಂಬರ್‌ನಲ್ಲಿ ಬ್ಯೂಲಾ ಚಂಡಮಾರುತ ಟೆಕ್ಸಸ್‌ನ ದಕ್ಷಿಣ ತುದಿಗೆ ಅಪ್ಪಳಿಸಿತು. ಹೋಗುತ್ತಾ ನೂರಕ್ಕೂ ಹೆಚ್ಚು ಸುಂಟರಗಾಳಿಗಳನ್ನು ಹುಟ್ಟಿಸಿಹೋಯಿತು. ಆಗ ಟೆಕ್ಸಸ್ ಬ್ಯಾಪ್ಟಿಸ್ಟ್ ಚರ್ಚುಗಳ ರಾಬರ್ಟ್ ಡಿಕ್ಸನ್ ಎಂಬಾತ ಸಂತ್ರಸ್ತರಿಗೆ ಅಡುಗೆ ಮಾಡಿಕೊಡಲು ಹೊರಟ. ಆತ ನೆಚ್ಚಿಕೊಂಡದ್ದು ತಗಡಿನ ಡಬ್ಬಿಯೊಳಗೆ ಸುರುಳಿ ಸುತ್ತಿದ ರಟ್ಟು ಇಟ್ಟು, ಮೇಲೆ ಮೇಣ ಕರಗಿಸಿ ಹೊಯ್ದ ಪುಟ್ಟ ಒಲೆಗಳನ್ನು. ಹುಡುಗರನ್ನು ಶಿಬಿರಕ್ಕೆ ಕರೆದೊಯ್ದಾಗ ಬಳಸುವಂಥವು. ಇದೇ ಪಂಗಡದ ಸದರ್ನ್ ಬ್ಯಾಪ್ಟಿಸ್ಟ್ ವಿಪತ್ತು ಪರಿಹಾರ ಸೇವೆ ತನ್ನ ಹುಟ್ಟನ್ನು ಗುರುತಿಸಿಕೊಳ್ಳುವುದು ಈ ಡಬ್ಬಿ ಒಲೆಗಳಲ್ಲಿ. ಕೆಲವೇ ವರ್ಷಗಳಲ್ಲಿ ಒಂದು ಹಳೆಯ ಟ್ರಕ್ಕು ಗಾಲಿಯ ಮೇಲಿನ ಅಡುಗೆಮನೆಯಾಯಿತು. ಇವತ್ತು ಆ ಸೇವೆ ಅಮೆರಿಕದ ವಿಪತ್ತು ಪರಿಹಾರ ಕೆಲಸದಲ್ಲಿ ರೆಡ್ ಕ್ರಾಸ್ ಮತ್ತು ಸಾಲ್ವೇಶನ್ ಆರ್ಮಿಯ ನಂತರದ ಸ್ಥಾನದಲ್ಲಿದೆ.

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಬಂತು. ನ್ಯೂ ಆರ್ಲಿಯನ್ಸ್ ನಗರದ ಶೇ. 80 ಭಾಗ ನೀರಿನಡಿ. ಆ ವರ್ಷ ಈ ಬ್ಯಾಪ್ಟಿಸ್ಟ್ ಚರ್ಚುಗಳ ಸ್ವಯಂಸೇವಕರು ಬೇಯಿಸಿದ ಊಟ ಒಂದು ಕೋಟಿ ನಲವತ್ತು ಲಕ್ಷಕ್ಕೂ ಹೆಚ್ಚು. ಸಂಖ್ಯೆ ಬಾಯಲ್ಲಿ ಸುಲಭವಾಗಿ ಹೊರಳುತ್ತದೆ, ಬಿಡಿಸಿ ನೋಡಿದರೆ ತಲೆ ತಿರುಗುತ್ತದೆ. ದಿನಕ್ಕೆ 20,000 ಊಟ ಕೊಡುವ ಒಂದೇ ಅಡುಗೆಮನೆ ಇದ್ದಿದ್ದರೆ ಇಷ್ಟು ಬೇಯಿಸಲು 700 ದಿನ ಬೇಕಿತ್ತು, ರಜೆ ಇಲ್ಲದೆ. ತಲೆಗೆ 400 ಗ್ರಾಂ ಎಂದು ಹಿಡಿದರೂ 5,600 ಟನ್ ಅಡುಗೆ, ಹತ್ತು ಟನ್ ಲಾರಿಯಲ್ಲಿ 560 ಲೋಡು. ಹಸಿದವರಿಗೋ ಅಷ್ಟು ದಿನ ಕಾಯಲಾಗದು. ಅದಕ್ಕೇ ಹತ್ತಾರು ರಾಜ್ಯಗಳಿಂದ ಟ್ರೇಲರ್‌ಗಳು ಓಡಿಬರಬೇಕಾಯಿತು.

ನಮ್ಮ ಮಠಗಳ ದಾಸೋಹ ಕಂಡವರಿಗೆ ದೊಡ್ಡ ಅಡುಗೆ ಹೊಸದಲ್ಲ. ಆದರೆ ದಾಸೋಹಕ್ಕೆ ಜನ ನಡೆದು ಬರುತ್ತಾರೆ, ಇಲ್ಲಿ ಅಡುಗೆಮನೆಯೇ ನೂರಾರು ಮೈಲಿ ಹೋಗಬೇಕು. ಹೋದ ಕಡೆ ಕರೆಂಟಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಯಾವುದೋ ಚರ್ಚಿನ ಪಾರ್ಕಿಂಗ್ ಜಾಗದಲ್ಲಿ ಟ್ರೇಲರ್ ನಿಲ್ಲಿಸಿ, ಗ್ಯಾಸ್ ಜೋಡಿಸಿ, ಜನರೇಟರ್ ಹಚ್ಚಿ, ಬೆಳಗಿನ ಜಾವಕ್ಕೇ ಕೆಲಸ ಶುರು. ಹಳದಿ ಅಂಗಿ ತೊಟ್ಟ ಸ್ವಯಂಸೇವಕರಲ್ಲಿ ಬಹಳಷ್ಟು ಮಂದಿ ನಿವೃತ್ತರು. ಆಹಾರದ ದೊಡ್ಡ ಡಬ್ಬಿಗಳ ಸಾಲು ಸಾಲನ್ನೇ ಒಡೆದು, ಹಿಡಿಕೆ ತಿರುಗಿಸಿದರೆ ಬಾಗುವ ದೊಡ್ಡ ಬಾಣಲೆಗಳಿಗೆ ಸುರಿಯುತ್ತಾರೆ. ಬೆಂದದ್ದನ್ನು ಬಿಸಿ ಆರದ ಪೆಟ್ಟಿಗೆಗಳಿಗೆ ತುಂಬುತ್ತಾರೆ. ಅಲ್ಲಿಂದ ಮುಂದೆ ರೆಡ್ ಕ್ರಾಸ್ ವ್ಯಾನುಗಳ ಕೆಲಸ: ಪೆಟ್ಟಿಗೆ ಹೊತ್ತು ಬೀದಿ ಬೀದಿ ಸುತ್ತಿ ಹಂಚುವುದು. ಹೀಗಾಗಿ ತಿಂದವರಲ್ಲಿ ಬಹುತೇಕರಿಗೆ ಅಡುಗೆ ಯಾರದ್ದೆಂದು ಗೊತ್ತೇ ಆಗುವುದಿಲ್ಲ; ವ್ಯಾನಿನ ಮೇಲಿರುವುದು ರೆಡ್ ಕ್ರಾಸ್ ಹೆಸರು. ಹೆಸರಿಗಾಗಿ ಜಗಳವಾಡದೆ ದಶಕಗಳಿಂದ ಈ ಹಂಚಿಕೆ ನಡೆದುಬಂದಿರುವುದು ನನಗಂತೂ ಊಟದ ಲೆಕ್ಕಕ್ಕಿಂತ ದೊಡ್ಡ ಬೆರಗು. (ಕತ್ರಿನಾ ಸಮಯದಲ್ಲಿ ಭಾರತ ಸರ್ಕಾರ ಕೊಟ್ಟ 50 ಲಕ್ಷ ಡಾಲರ್ ಹೋದದ್ದೂ ಅದೇ ಅಮೆರಿಕನ್ ರೆಡ್ ಕ್ರಾಸ್‌ಗೆ. ನಮ್ಮ ವಾಯುಪಡೆಯ ವಿಮಾನವೊಂದು 25 ಟನ್ ಸಾಮಗ್ರಿಯನ್ನೂ ಮುಟ್ಟಿಸಿ ಬಂತು.)

ಊಟ ಮೊದಲ ವಾರಗಳ ಮಾತು. ನೀರು ಇಳಿದ ಮೇಲೆ ಉಳಿಯುವುದು ಕೆಸರು, ನಾತ, ಗೋಡೆಯೊಳಗೆ ಹಬ್ಬುವ ಬೂಷ್ಟು. ಇದಕ್ಕೆ ಮೆಥಡಿಸ್ಟ್ ಚರ್ಚು ಕಂಡುಕೊಂಡ ಉತ್ತರ ಒಂದು ಬಕೆಟ್. ಅವರ ಪರಿಹಾರ ಸಂಸ್ಥೆ 1940ರಿಂದಲೂ ಇದೆ. ಬಕೆಟ್ಟಿನ ಪಟ್ಟಿ ಬಲು ಕಟ್ಟುನಿಟ್ಟು: ಮುಚ್ಚಳವಿರುವ ಐದು ಗ್ಯಾಲನ್ ಬಕೆಟ್, ಅದರೊಳಗೆ 18 ಒರೆಸುವ ಬಟ್ಟೆ, 7 ಸ್ಪಂಜು, 5 ಉಜ್ಜುವ ನಾರು, ಒಂದು ಬ್ರಷ್ಷು, ಸಾಬೂನು ದ್ರಾವಣ, 5 ಮುಖಗವಸು, ಕೈಗವಸು, ಕಸದ ಚೀಲದ ಸುರುಳಿ, ಬಟ್ಟೆ ಒಣಹಾಕಲು ಕ್ಲಿಪ್ಪು ಮತ್ತು ಹಗ್ಗ. ಪ್ರೀತಿಯಿಂದ ಒಂದು ಚೀಟಿ ಬರೆದಿಡೋಣ, ನೂರು ಡಾಲರ್ ನೋಟು ಸೇರಿಸೋಣ ಎಂದರೆ ಬೇಡ ಎನ್ನುತ್ತಾರೆ. ಪಟ್ಟಿಯಲ್ಲಿಲ್ಲದ ಯಾವುದೂ ಒಳಗೆ ಹೋಗಕೂಡದು. ಉಗ್ರಾಣದಲ್ಲಿ ಸ್ವಯಂಸೇವಕರು ಬಕೆಟ್ ಬಿಚ್ಚಿ, ಎಣಿಸಿ, ಮತ್ತೆ ಕಟ್ಟುತ್ತಾರೆ. ಸಾವಿರಾರು ಮನೆಗಳಿಗೆ ಹೋಗುವ ವಸ್ತು ಒಂದೇ ತೂಕ, ಒಂದೇ ಆಕಾರದಲ್ಲಿದ್ದರೆ ಮಾತ್ರ ಅಟ್ಟಿ ಪೇರಿಸಿ ಲಾರಿ ತುಂಬಬಹುದು.

ಬಟ್ಟೆ ಒಣಹಾಕುವ ಹಗ್ಗ ಎಂದಾಗ ಗ್ಯಾಲ್ವಸ್ಟನ್ ನೆನಪಾಗದೆ ಇರದು. 1900ರ ಸೆಪ್ಟೆಂಬರ್ 8. ಟೆಕ್ಸಸ್‌ನ ಆ ದ್ವೀಪನಗರದ ಅತ್ಯಂತ ಎತ್ತರದ ಜಾಗ ಸಮುದ್ರದಿಂದ ಒಂಬತ್ತು ಅಡಿಯೂ ಇರಲಿಲ್ಲ; ಉಕ್ಕಿಬಂದ ನೀರು ಹದಿನೈದು ಅಡಿ ದಾಟಿತು. ಊರಿನ ಜನಸಂಖ್ಯೆ 38,000ದಷ್ಟು, ಸತ್ತವರು ಕಡಿಮೆಯೆಂದರೂ 6,000. ಕಡಲಂಚಿನ ಸೇಂಟ್ ಮೇರಿ ಅನಾಥಾಲಯದಲ್ಲಿ 10 ಮಂದಿ ಸನ್ಯಾಸಿನಿಯರೂ 93 ಮಕ್ಕಳೂ ಇದ್ದರು. ಮಕ್ಕಳು ಕೊಚ್ಚಿಹೋಗಬಾರದೆಂದು ಸನ್ಯಾಸಿನಿಯರು ಬಟ್ಟೆ ಒಣಹಾಕುವ ಹಗ್ಗದಿಂದ ಅವರನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡರು. ಬದುಕಿದ್ದು ಮೂವರು ಹುಡುಗರು. ಪ್ರೀತಿಗೆ ಅಲ್ಲಿ ಕೊರತೆಯಿರಲಿಲ್ಲ, ಹಗ್ಗವೂ ಇತ್ತು. ಇರದಿದ್ದದ್ದು ಹೊತ್ತಿಗೆ ಮುಂಚೆ ಸಿಗಬೇಕಾದ ಎಚ್ಚರಿಕೆ ಮತ್ತು ಎತ್ತರದ ಜಾಗ.

ಚರ್ಚುಗಳ ಕುರಿತು ಬರೀ ಹೊಗಳಿಕೆಯೂ ಸಲ್ಲದು. ಹಾರ್ವಿ ಬಂದಾಗ ಹ್ಯೂಸ್ಟನ್‌ನ ಸಮಾವೇಶ ಭವನದಲ್ಲಿ 5,000 ಜನರಿಗೆಂದು ಮಾಡಿದ ವ್ಯವಸ್ಥೆಯಲ್ಲಿ ಸುಮಾರು ಅದರ ಎರಡರಷ್ಟು ಮಂದಿ ತುಂಬಿದ್ದರು. ಅದೇ ಊರಿನ ಲೇಕ್‌ವುಡ್ ಚರ್ಚು ಒಂದು ಕಾಲದ ಬ್ಯಾಸ್ಕೆಟ್‌ಬಾಲ್ ಕ್ರೀಡಾಂಗಣ, ಆಸನಗಳು 16,000ಕ್ಕೂ ಹೆಚ್ಚು. ಅದು ಸಂತ್ರಸ್ತರಿಗೆ ತಕ್ಷಣ ಬಾಗಿಲು ತೆರೆಯಲಿಲ್ಲವೆಂದು ಜನ ಸಿಟ್ಟಾದರು. ಕಟ್ಟಡಕ್ಕೇ ನೀರು ನುಗ್ಗುವ ಭಯವಿತ್ತು ಎಂದಿತು ಚರ್ಚು. 2001ರಲ್ಲಿ ಅಲ್ಲಿ ನೆರೆ ನುಗ್ಗಿದ್ದೂ ನಿಜ. ಕೊನೆಗೆ 2017ರ ಆಗಸ್ಟ್ 29ರಂದು ಬಾಗಿಲು ತೆರೆಯಿತು. ತಪ್ಪು ಯಾರದೇ ಇರಲಿ, ಬಿರುಗಾಳಿಯ ದಿನ ಆಸನಗಳ ಎಣಿಕೆಯಿಂದ ಯಾರ ಮೈಯೂ ಒಣಗುವುದಿಲ್ಲ.

ಇನ್ನೊಂದು ಲೆಕ್ಕ ಬಹಳ ಜನರಿಗೆ ಗೊತ್ತಿಲ್ಲ. ವಿಪತ್ತು ಘೋಷಣೆಯಾದ ಮೇಲೆ ಸಾರ್ವಜನಿಕ ಪರಿಹಾರ ಕಾಮಗಾರಿಗಳ ವೆಚ್ಚದಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಕನಿಷ್ಠ ಶೇ. 75 ಭರಿಸುತ್ತದೆ, ಉಳಿದದ್ದು ರಾಜ್ಯ ಮತ್ತು ಸ್ಥಳೀಯ ಆಡಳಿತಗಳ ಹೊಣೆ. ಅರ್ಹ ಕೆಲಸಕ್ಕೆ ಸ್ವಯಂಸೇವಕರು ಕೊಟ್ಟ ಗಂಟೆಗಳನ್ನು ಕೂಲಿದರದಲ್ಲಿ ಗುಣಿಸಿ ಆ ಸ್ಥಳೀಯ ಪಾಲಿಗೆ ಜಮಾ ಮಾಡಿಕೊಳ್ಳಬಹುದು. ಅಂದರೆ ರಸ್ತೆಗೆ ಬಿದ್ದ ಮರ ಕಡಿದು ಬದಿಗೆ ಎಳೆದ ನಿವೃತ್ತ ಮೇಷ್ಟರೊಬ್ಬರ ಎಂಟು ಗಂಟೆ ಪುರಸಭೆಯ ಖಾತೆಯಲ್ಲಿ ಡಾಲರ್ ಆಗುತ್ತದೆ. ಷರತ್ತು ಒಂದೇ: ಯಾರು, ಎಲ್ಲಿ, ಯಾವ ಕೆಲಸ, ಎಷ್ಟು ಹೊತ್ತು ಮಾಡಿದರೆಂಬುದು ದಾಖಲೆಯಲ್ಲಿರಬೇಕು. ಬೆವರು ಸುರಿಸಿ, ಹಾಜರಿ ಬರೆಸದೆ ಮನೆಗೆ ಹೋದರೆ ನಷ್ಟ ಊರಿಗೆ.