ಮಾನಿಟರ್ ನೋಡೋದು ಯಾರು?

ಗಣ್ಯರೊಬ್ಬರು ಎದೆನೋವು ಅಂತ ಆಸ್ಪತ್ರೆ ಸೇರಿದ ದಿನ ಟಿವಿಯಲ್ಲಿ ಬರುವ ವಾಕ್ಯ ನಿಮಗೆ ಬಾಯಿಪಾಠವಾಗಿರುತ್ತೆ. 'ಐಸಿಯುನಲ್ಲಿ ಚಿಕಿತ್ಸೆ ಮುಂದುವರಿದಿದ್ದು, ತಜ್ಞ ವೈದ್ಯರ ತಂಡ ನಿಗಾ ವಹಿಸಿದೆ.' ವಾಕ್ಯ ಸುಳ್ಳಲ್ಲ. ಆದರೆ ರಾತ್ರಿ ಎರಡೂವರೆಗೆ ಆ ಹಾಸಿಗೆ ಪಕ್ಕ ನಿಂತು ನಿಗಾ ವಹಿಸೋದು ಯಾರು? ತಜ್ಞರು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ರೌಂಡ್ಸ್‌ಗೆ ಬರ್ತಾರೆ. ಡ್ಯೂಟಿ ಡಾಕ್ಟರ್ ಕರೆದ ತಕ್ಷಣ ಬರ್ತಾರೆ. ಕರೆಯೋರು ಯಾರು? ಸಿಸ್ಟರ್. ಈಗೀಗ ಬ್ರದರ್ ಕೂಡ. ಸರ್ಕಾರಿ ಕಡತದಲ್ಲಿ ಅವರ ಹೆಸರು ಶುಶ್ರೂಷಾಧಿಕಾರಿ. ನಮ್ಮ ಬುಲೆಟಿನ್‌ಗಳಲ್ಲಿ ಮಾತ್ರ ಅವರಿಗೆ ಹೆಸರೇ ಇಲ್ಲ.

2025ರ ಜೂನ್, ಜುಲೈ ನೆನಪಿದೆಯಲ್ಲ? ಹಾಸನದಿಂದ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿ ನಿಂತರು. ಆಗ ಚರ್ಚೆಯಾಗಿದ್ದೆಲ್ಲ ಇಸಿಜಿ, ಆಂಜಿಯೋಗ್ರಾಂ, ಸ್ಟೆಂಟ್ ಬಗ್ಗೆ. ಸ್ಟೆಂಟ್ ಹಾಕಿದ ಮೇಲೆ ರೋಗಿ ಮಾನಿಟರ್ ಕೆಳಗೆ ಕಳೆಯುವ ರಾತ್ರಿಗಳ ಬಗ್ಗೆ ಮಾತಾಡಿದವರು ಕಡಿಮೆ. ಆ ರಾತ್ರಿಗಳ ಕಥೆಯನ್ನೇ ಇವತ್ತು ಹೇಳ್ತೀನಿ.

ಮೊದಲು ಯಂತ್ರ. ಇಂಜಿನಿಯರಿಂಗ್ ಓದಿ ಟಿವಿಗೆ ಬಂದವನು ನಾನು, ಇಷ್ಟಕ್ಕಾದರೂ ಆ ಡಿಗ್ರಿ ಉಪಯೋಗಕ್ಕೆ ಬರಲಿ. ಎದೆ ಮೇಲೆ ಅಂಟಿಸುವ ಬಿಲ್ಲೆಗಳಿಗೆ ಎಲೆಕ್ಟ್ರೋಡ್ ಅಂತಾರೆ. ಹೃದಯದ ಪ್ರತಿ ಬಡಿತಕ್ಕೂ ಒಂದು ಸಣ್ಣ ವಿದ್ಯುತ್ ಅಲೆ ಹುಟ್ಟುತ್ತೆ. ಚರ್ಮದ ಮೇಲೆ ಅದು ಸಿಗೋದು ಸುಮಾರು ಒಂದು ಮಿಲಿವೋಲ್ಟ್ ಮಾತ್ರ, ಅಂದರೆ ಗೋಡೆ ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಸೆಲ್‌ನ ಸಾವಿರದ ಐನೂರನೇ ಒಂದು ಪಾಲು. ಅಷ್ಟು ಸಣ್ಣ ಸಂಕೇತವನ್ನು, ಸುತ್ತಲಿನ ವೈರುಗಳಿಂದ ಬರುವ 50 ಹರ್ಟ್ಸ್ ಕರೆಂಟಿನ ಗದ್ದಲದ ಮಧ್ಯೆ ಹೆಕ್ಕಿ ತೆಗೆದು ತೆರೆ ಮೇಲೆ ಗೆರೆಯಾಗಿ ಓಡಿಸಬೇಕು. ಯಂತ್ರ ಎಷ್ಟೇ ದುಬಾರಿಯಾಗಿರಲಿ, ಬಿಲ್ಲೆಯ ಜೆಲ್ ಒಣಗಿದ್ದರೆ, ಎದೆಗೂದಲ ಮೇಲೆ ಅಂಟಿಸಿದ್ದರೆ, ಅದು ತೋರಿಸೋದು ಕಸ. ಅದಕ್ಕೇ ತಿಳಿದ ಸಿಸ್ಟರ್ ಆ ಜಾಗದ ಕೂದಲು ತೆಗೆದು, ಸೋಪು ನೀರಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ ಅಂಟಿಸ್ತಾರೆ. ದಿನಕ್ಕೊಮ್ಮೆ ಬಿಲ್ಲೆ ಬದಲಾಯಿಸ್ತಾರೆ. 'ಸುಮ್ನೆ ಯಾಕೆ ಕಿತ್ತು ಕಿತ್ತು ಹಾಕ್ತಾರೆ' ಅಂತ ಗೊಣಗುವ ಅಟೆಂಡರ್‌ಗಳೇ, ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಕಸ ಹೇಗಿರುತ್ತೆ ಅಂದ್ರೆ, ರೋಗಿ ಹಲ್ಲುಜ್ಜಿದರೆ ಸಾಕು. ಕೈ ಅಲುಗಾಡುವ ಲಯಕ್ಕೆ ತೆರೆ ಮೇಲಿನ ಗೆರೆ ಥೇಟ್ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ ಥರ ಕಾಣುತ್ತೆ. ಅದು ಹೃದಯದ ಕೆಳಕೋಣೆಗಳು ಹದ್ದುಮೀರಿ ಓಡುವ, ಪ್ರಾಣಕ್ಕೇ ಎರವಾಗಬಲ್ಲ ಲಯ. ಮಾನಿಟರ್ ಹೌಹಾರಿ ಕಿರುಚುತ್ತೆ. ಸಿಸ್ಟರ್ ಓಡಿ ಬಂದು ನೋಡಿದರೆ ಯಜಮಾನರು ಬಾಯಲ್ಲಿ ಬ್ರಷ್ ಇಟ್ಕೊಂಡು 'ಏನಮ್ಮಾ?' ಅಂತಿರ್ತಾರೆ.

ಇದರ ಉಲ್ಟಾ ಕೂಡ ಆಗುತ್ತೆ. ಅದು ನಗುವ ವಿಷಯ ಅಲ್ಲ. ತೆರೆ ಮೇಲೆ ಗೆರೆ ಅಚ್ಚುಕಟ್ಟಾಗಿ ಓಡ್ತಿರುತ್ತೆ, ಆದರೆ ರೋಗಿಯ ನಾಡಿಯೇ ಸಿಗೋದಿಲ್ಲ. ಹೃದಯದಲ್ಲಿ ವಿದ್ಯುತ್ ಇದೆ, ರಕ್ತ ತಳ್ಳುವ ಶಕ್ತಿ ಇಲ್ಲ. ಪಂಪ್‌ಸೆಟ್ಟಿಗೆ ಕರೆಂಟ್ ಇದೆ, ನೀರು ಎತ್ತುತ್ತಿಲ್ಲ, ಹಾಗೆ. ಇಸಿಜಿಯ ಗೆರೆ ಹೇಳೋದು ಕರೆಂಟಿನ ಸುದ್ದಿ ಮಾತ್ರ. ಕೊರಳ ನಾಡಿಗೆ ಬೆರಳಿಟ್ಟು ನೋಡಬೇಕಾದ್ದು ಮನುಷ್ಯರೇ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಮೊದಲ ದಿನದಿಂದ ಹೇಳಿಕೊಡೋದೂ ಇದನ್ನೇ: ಮೊದಲು ರೋಗಿಯನ್ನು ನೋಡು, ಆಮೇಲೆ ತೆರೆಯನ್ನು.

ಸಿನಿಮಾದವರು ಇಲ್ಲೂ ದಾರಿ ತಪ್ಪಿಸಿದ್ದಾರೆ. ಗೆರೆ ಚಪ್ಪಟೆಯಾಗುತ್ತೆ, ಟುಂಯ್ ಅಂತ ಶಬ್ದ, ಡಾಕ್ಟರ್ ಎದೆಗೆ ಷಾಕ್ ಕೊಡ್ತಾರೆ, ನಾಯಕ ಎದ್ದು ಕೂರ್ತಾನೆ. ವಾಸ್ತವದಲ್ಲಿ ಚಪ್ಪಟೆ ಗೆರೆಗೆ ಷಾಕ್ ಕೊಡೋದಿಲ್ಲ. ಅದಕ್ಕೆ ಬೇಕಿರೋದು ಎದೆ ಒತ್ತುವಿಕೆ ಮತ್ತು ಔಷಧ. ಷಾಕ್ ಕೊಡೋದು ಹೃದಯ ಲಯ ಕಳ್ಕೊಂಡು ಹುಚ್ಚು ಹುಚ್ಚಾಗಿ ನಡುಗುವಾಗ, ಅಂದರೆ ವೆಂಟ್ರಿಕ್ಯುಲರ್ ಫಿಬ್ರಿಲೇಷನ್‌ನಲ್ಲಿ. ಅದರಲ್ಲಿ ಷಾಕ್ ಒಂದು ನಿಮಿಷ ತಡವಾದರೆ ಬದುಕುವ ಸಾಧ್ಯತೆ ಸುಮಾರು ಶೇ.7ರಿಂದ 10ರಷ್ಟು ಕುಸಿಯುತ್ತೆ. ಇನ್ನು, ಆರಾಮಾಗಿ ಮಾತಾಡ್ತಿರುವ ರೋಗಿಯ ಗೆರೆ ಇದ್ದಕ್ಕಿದ್ದಂತೆ ಚಪ್ಪಟೆಯಾದರೆ? ವೈರ್ ಕಳಚಿದೆ ಅಷ್ಟೆ, ಗಾಬರಿ ಬೇಡ.

ಆ 'ಒಂದು ನಿಮಿಷ'ದ ಲೆಕ್ಕವೇ ನರ್ಸ್‌ಗಳ ಇತಿಹಾಸವನ್ನು ಬದಲಾಯಿಸಿದ್ದು. 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ, ಎದೆ ಕೊಯ್ಯದೆ ಹೊರಗಿನಿಂದಲೇ ಒತ್ತಿ ಹೃದಯ ನಡೆಸುವ ವಿಧಾನ ಪ್ರಕಟವಾಯಿತು. ಆ ತಂಡದ ವಿಲಿಯಂ ಕೌವೆನ್‌ಹೋವನ್ ಎಲೆಕ್ಟ್ರಿಕಲ್ ಇಂಜಿನಿಯರ್. (ಇದನ್ನು ಹೇಳುವಾಗ ನನಗೆ ಸ್ವಲ್ಪ ಜಂಬ, ಕ್ಷಮಿಸಿ.) 1961ರಲ್ಲಿ ಬ್ರಿಟನ್ನಿನ ಡೆಸ್ಮಂಡ್ ಜೂಲಿಯನ್, ಹೃದಯಾಘಾತದ ರೋಗಿಗಳನ್ನೆಲ್ಲ ಒಂದೇ ಕಡೆ ಮಾನಿಟರ್ ಕೆಳಗೆ ಮಲಗಿಸಿ ಅಂತ ಬರೆದರು. 1962ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಹ್ಯೂಸ್ ಡೇ ಅಂಥ ಘಟಕ ತೆರೆದರು. ಅದೇ ಹೊತ್ತಿಗೆ ಫಿಲಡೆಲ್ಫಿಯಾದಲ್ಲಿ ಲಾರೆನ್ಸ್ ಮೆಲ್ಟ್ಜರ್ ಒಂದು ಹೆಜ್ಜೆ ಮುಂದೆ ಹೋದರು. ಡಾಕ್ಟರ್ ಬರುವವರೆಗೆ ಕಾದರೆ ರೋಗಿ ಉಳಿಯೋದಿಲ್ಲ, ಹಾಗಾಗಿ ಗೆರೆ ಓದೋದು, ಷಾಕ್ ಕೊಡೋದು ಎರಡನ್ನೂ ನರ್ಸ್‌ಗಳಿಗೇ ಕಲಿಸಿದರು. ರೋಸ್ ಪಿನ್ನಿಯೋ ಎಂಬ ನರ್ಸ್ ಜೊತೆ ಸೇರಿ ನರ್ಸ್‌ಗಳಿಗಾಗಿಯೇ ಕೈಪಿಡಿ ಬರೆದರು. ಆಗ ಆಸ್ಪತ್ರೆ ಸೇರಿದ ಹೃದಯಾಘಾತದ ರೋಗಿಗಳಲ್ಲಿ ಸುಮಾರು ಶೇ.30 ಜನ ಸಾಯುತ್ತಿದ್ದರು. ಇಂಥ ಘಟಕಗಳು ಬಂದ ಮೇಲೆ ಆ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಮಾನಿಟರ್ ಒಂದರಿಂದಲೇ ಆದದ್ದಲ್ಲ ಇದು. ಅದರ ಮುಂದೆ ನಿಂತವರ ಕೈಗೆ ಅಧಿಕಾರ ಸಿಕ್ಕಿದ್ದರಿಂದ ಆದದ್ದು.

ಈಗಿನ ಸಮಸ್ಯೆ ಬೇರೆ. ನಮ್ಮ ಚಾನೆಲ್‌ಗಳಲ್ಲಿ ಬೆಳಗಿಂದ ರಾತ್ರಿವರೆಗೆ 'ಬ್ರೇಕಿಂಗ್ ನ್ಯೂಸ್' ಪಟ್ಟಿ ಓಡ್ತಾನೇ ಇರುತ್ತೆ. ನೀವು ಅದನ್ನು ಓದೋದು ಯಾವಾಗಲೋ ಬಿಟ್ಟಿದ್ದೀರಿ, ನನಗೂ ಗೊತ್ತು. ಐಸಿಯುನಲ್ಲೂ ಅದೇ ಆಗುತ್ತೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೋ ಆಸ್ಪತ್ರೆಯಲ್ಲಿ 77 ಐಸಿಯು ಹಾಸಿಗೆಗಳನ್ನು 31 ದಿನ ಗಮನಿಸಿ 2014ರಲ್ಲಿ ವರದಿ ಕೊಟ್ಟರು. ದಾಖಲಾದ ಸೂಚನೆಗಳು 25 ಲಕ್ಷಕ್ಕೂ ಹೆಚ್ಚು! ಕಿವಿಗೆ ಕೇಳುವಂಥವೇ ಒಂದು ಹಾಸಿಗೆಗೆ ದಿನಕ್ಕೆ 187. ತಜ್ಞರು ಪರಿಶೀಲಿಸಿದ ಲಯದೋಷದ ಅಲಾರಂಗಳಲ್ಲಿ ಸುಮಾರು ಶೇ.89 ಸುಳ್ಳು. ಹೀಗಾದಾಗ ಕಿವಿ ಮೊಂಡಾಗುತ್ತೆ, ಯಾರೋ ವಾಲ್ಯೂಮ್ ತಗ್ಗಿಸ್ತಾರೆ, ಮತ್ಯಾರೋ ಆಫ್ ಮಾಡ್ತಾರೆ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2013ರಲ್ಲಿ ಎಚ್ಚರಿಸಿತು: ಮೂರೂವರೆ ವರ್ಷದಲ್ಲಿ ಅಲಾರಂಗೆ ಸಂಬಂಧಿಸಿದ 98 ಅವಘಡ ವರದಿಯಾಗಿವೆ, ಅದರಲ್ಲಿ 80 ಸಾವು.

ಅಲಾರಂ ಕೇಳಿಸಿಕೊಳ್ಳದ ನರ್ಸನ್ನು ಅಮಾನತು ಮಾಡಿದರೆ ಇದು ಸರಿಹೋಗುತ್ತಾ? ಇಲ್ಲ. ಮಾಡಬೇಕಾದ್ದು ಬೇರೆ. ಅಲಾರಂ ಮಿತಿಗಳನ್ನು ಆಯಾ ರೋಗಿಗೆ ಹೊಂದಿಸಬೇಕು. ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರ ಬಡಿತ ನಿದ್ದೆಯಲ್ಲಿ 48ಕ್ಕೆ ಇಳಿಯೋದು ಅವರಿಗೆ ಸಹಜ ಇರಬಹುದು, ಮಿತಿ 50ಕ್ಕೆ ಇಟ್ಟರೆ ರಾತ್ರಿಯಿಡೀ ಕೂಗುತ್ತೆ. ಮಿತಿ ಎಷ್ಟಿರಬೇಕು ಅಂತ ಡಾಕ್ಟರ್ ಜೊತೆ ಮಾತಾಡಿ ಬದಲಾಯಿಸಲು, ರಕ್ತದ ಪೊಟ್ಯಾಸಿಯಂ ಇಳಿದಿದೆಯಾ ಅಂತ ವರದಿ ನೋಡಲು (ಇಳಿದರೆ ಲಯ ಕೆಡುತ್ತೆ, ಏರಿದರೂ ಕೆಡುತ್ತೆ), ಬಿಲ್ಲೆ ಬದಲಾಯಿಸಲು ಸಿಸ್ಟರ್‌ಗೆ ಸಮಯ ಬೇಕು. ಸಮಯ ಅಂದರೆ ಹೆಚ್ಚು ಜನ.

ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ ಐಸಿಯುನಲ್ಲಿ ಪಾಳಿಗೆ ಹಾಸಿಗೆಗೊಬ್ಬ ನರ್ಸ್. ಕ್ಯಾಲಿಫೋರ್ನಿಯಾದಲ್ಲಿ ಇದು ಕಾನೂನೇ. ಐಸಿಯುನಲ್ಲಿ ಇಬ್ಬರು ರೋಗಿಗಳಿಗೆ, ಮಾನಿಟರ್ ಹಾಕಿದ ವಾರ್ಡಿನಲ್ಲಿ ನಾಲ್ವರಿಗೆ ಒಬ್ಬ ನರ್ಸ್ ಇರಲೇಬೇಕು. ನಮ್ಮಲ್ಲಿ ಮಾನದಂಡ ಕಾಗದದ ಮೇಲೆ ಅವರಿಗಿಂತ ಚೆನ್ನಾಗಿದೆ, ಪಾಲಿಸದಿದ್ದರೆ ಕೇಳೋರಿಲ್ಲ. ಸುಪ್ರೀಂ ಕೋರ್ಟ್ ಸೂಚನೆ ಮೇರೆಗೆ ರಚನೆಯಾದ ಸಮಿತಿ 2016ರಲ್ಲಿ, ಖಾಸಗಿ ಆಸ್ಪತ್ರೆ ನರ್ಸ್‌ಗಳಿಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಸಂಬಳ ಕೊಡಿ ಅಂತ ಹೇಳಿತ್ತು. ಆ ಮೊತ್ತಕ್ಕೂ ಇಲ್ಲಿ ಹೋರಾಡಬೇಕಾದಾಗ, ಅನುಭವ ಇರುವವರು ಗಲ್ಫ್‌ಗೋ ಬ್ರಿಟನ್ನಿಗೋ ವಿಮಾನ ಹತ್ತಿದರೆ ಅವರನ್ನು ಬೈಯೋಕೆ ನನಗೆ ಮನಸ್ಸಿಲ್ಲ.

ನಿಮ್ಮವರು ಮಾನಿಟರ್ ಕೆಳಗಿದ್ದರೆ ತೆರೆ ಮೇಲಿನ ಅಂಕಿ ಏರಿಳಿಯೋದನ್ನೇ ನೋಡ್ತಾ ಕೂರಬೇಡಿ. ಕೂಗ್ತಿದೆ ಅಂತ ನೀವಾಗೇ ಬಟನ್ ಒತ್ತಿ ಸುಮ್ಮನಾಗಿಸಬೇಡಿ. ಮುಖ ಬೆವರುತ್ತಿದೆಯಾ, ಉಸಿರು ಎಳೀತಿದೆಯಾ, ಮಾತು ತೊದಲುತ್ತಿದೆಯಾ, ಅದನ್ನು ನೋಡಿ. ಅನುಮಾನ ಬಂದರೆ ಸಿಸ್ಟರನ್ನು ಕರೀರಿ, ಮಾನಿಟರ್ ಸುಮ್ಮನಿದ್ದರೂ ಕರೀರಿ. ಭೇಟಿ ಸಮಯ ಮುಗಿದು ಹೊರಗೆ ಕೂತಾಗ ಒಂದು ಪ್ರಶ್ನೆಯನ್ನು ಆಡಳಿತದವರಿಗೆ ಕೇಳಿ: ಈ ರಾತ್ರಿ ಒಳಗಿರೋ ಸಿಸ್ಟರ್ ಕೈಯಲ್ಲಿ ಎಷ್ಟು ಹಾಸಿಗೆ ಇದೆ ಸಾರ್? ಬಿಲ್ಲಿನಲ್ಲಿ ನರ್ಸಿಂಗ್ ಚಾರ್ಜ್ ಅಂತ ಒಂದು ಸಾಲು ಇರುತ್ತೆ, ಹಾಗಾಗಿ ಕೇಳುವ ಹಕ್ಕು ನಿಮಗಿದೆ.