ಚಿನ್ನ 19 ಗ್ರಾಂ, ಉಳಿದದ್ದು ಕಾಗದದ ಬೆಲೆ

ಬೆಂಗಳೂರಿನ ದೊಡ್ಡನೆಕ್ಕುಂದಿಯ ಹೊಸ ಅಪಾರ್ಟ್‌ಮೆಂಟೊಂದರ ಹಾಲ್‌ಗೆ ‘18ನೇ ಶತಮಾನದ ಫ್ರೆಂಚ್’ ಗೋಡೆದೀಪಗಳ ಜೋಡಿ ತರಿಸುತ್ತಾರೆ ಎಂದಿಟ್ಟುಕೊಳ್ಳಿ. ಕಂಚಿನ ಎರಕ, ಮೇಲೆ ಚಿನ್ನದ ಮುಲಾಮು. ಇದರಲ್ಲಿ ಮಾಲು ಎಷ್ಟಿದೆ, ಮಾತು ಎಷ್ಟಿದೆ?

ಜೋಡಿಯ ತೂಕ 6 ಕೆಜಿ, ಮುಲಾಮು ಬಿದ್ದ ಮೈ 2,000 ಚದರ ಸೆಂ.ಮೀ. ಎಂದು ಹಿಡಿಯೋಣ. ಹಳೆಯ ಪಾದರಸದ ಮುಲಾಮಿನ ಪದರ 5 ಮೈಕ್ರಾನ್ ಇದ್ದರೆ ಚಿನ್ನ 1 ಘನ ಸೆಂ.ಮೀ., ಅಂದರೆ 19.3 ಗ್ರಾಂ. ಗ್ರಾಂಗೆ 10,000 ರೂಪಾಯಿ ಎಂದು ಹಿಡಿದರೆ 1,93,000 ರೂ. ಕಂಚಿಗೆ ಕೆಜಿಗೆ 700 ಎಂದರೆ 4,200. ಒಟ್ಟು ಎರಡು ಲಕ್ಷಕ್ಕೆ ತುಸು ಕಡಿಮೆ. ಅದೇ ಜೋಡಿಗೆ ಇವತ್ತು ಕಾಲು ಮೈಕ್ರಾನ್ ಎಲೆಕ್ಟ್ರೋಪ್ಲೇಟಿಂಗ್ ಮಾಡಿಸಿದರೆ ಬೇಕಾಗುವ ಚಿನ್ನ 1 ಗ್ರಾಂ ಕೂಡ ಇಲ್ಲ. ಪಳಗದ ಕಣ್ಣಿಗೆ ಎರಡೂ ಒಂದೇ!

ಆ 19 ಗ್ರಾಂ ಅಂಟಿಸಲು ಚಿನ್ನದ ಎಂಟು ಪಟ್ಟು, ಅಂದರೆ ಸುಮಾರು 154 ಗ್ರಾಂ ಪಾದರಸ ಬೆರೆಸಿ ಬಳಿದು, ಬೆಂಕಿಗೆ ಹಿಡಿದು ಪಾದರಸವನ್ನು ಹೊಗೆಯಾಗಿ ಹಾರಿಸುತ್ತಿದ್ದರು. ಆ ಹೊಗೆ ಹೋಗುತ್ತಿದ್ದುದು ಮುಲಾಮುಗಾರನ ಎದೆಗೆ. ಈ ವೆಚ್ಚವನ್ನು ಯಾವ ಬಿಲ್ಲಿನಲ್ಲೂ ಬರೆಯಲಿಲ್ಲ.

ಎರಡು ಲಕ್ಷದ ಮೇಲೆ ಕೇಳುವುದೆಲ್ಲ ಕೈಕುಸುರಿ ಮತ್ತು ಪೂರ್ವಚರಿತ್ರೆಯ ಬೆಲೆ. ಪೂರ್ವಚರಿತ್ರೆಯಲ್ಲೇ ಮೋಸ ಹೆಚ್ಚು. ಫ್ರಾನ್ಸಿನಲ್ಲಿ 1745ರಿಂದ 1749ರವರೆಗೆ ತಾಮ್ರ ಬೆರೆತ ಸಾಮಾನಿಗೆ ತೆರಿಗೆ ಇತ್ತು. ಕಟ್ಟಿದವರ ಮಾಲಿನ ಮೇಲೆ ಕಿರೀಟ ಹೊತ್ತ ‘ಸಿ’ ಮುದ್ರೆ ಬೀಳುತ್ತಿತ್ತು. ನವಶಾಸ್ತ್ರೀಯ ಶೈಲಿ ಬೇರೂರಿದ್ದು 1760ರ ದಶಕದಲ್ಲಿ. ಹಾಗಾಗಿ ಹೂಹಾರ, ಕಲಶಗಳ ಆ ಶೈಲಿಯ ದೀಪದ ಬೆನ್ನಿಗೆ ಈ ಮುದ್ರೆ ಕಂಡರೆ ಹಿಗ್ಗಬೇಡಿ, ಅನುಮಾನಪಡಿ.

ನಂಬುವಂಥ ದಾಖಲೆಗೂ ಉದಾಹರಣೆ ಇದೆ. 1782ರಲ್ಲಿ ಪ್ಯಾರಿಸ್ಸಿನಲ್ಲಿ ಓಮಾಂಟ್ ಡ್ಯೂಕನ ಸಂಗ್ರಹ ಹರಾಜಾದಾಗ, ಹೆಸರಾಂತ ಮುಲಾಮುಗಾರ ಪಿಯರ್ ಗೂತಿಯೇರ್ ಮಾಡಿದ ವಸ್ತುಗಳಿಗೆ ಕ್ಯಾಟಲಾಗಿನಲ್ಲಿ ‘ಜಿ’ ಎಂದು ಗುರುತು ಹಾಕಿದ್ದರು. ಕೊಂಡವರಲ್ಲಿ 16ನೇ ಲೂಯಿ ದೊರೆಯೂ ಇದ್ದ. ಇಷ್ಟು ಹೆಸರು ಮಾಡಿದರೂ ಗೂತಿಯೇರ್ 1787ರಲ್ಲಿ ದಿವಾಳಿಯಾದ. ಫ್ರೆಂಚ್ ಕ್ರಾಂತಿಯ ನಂತರ ಜಾಡು ಕಲಸಿಹೋಯಿತು: 1793ರ ಆಗಸ್ಟ್‌ನಿಂದ ಒಂದು ವರ್ಷ ವರ್ಸೇಲ್ಸ್ ಅರಮನೆಯ ಸಾಮಾನು ಹರಾಜಾಯಿತು, ಒಟ್ಟು 17,182 ಲಾಟು. ‘ವರ್ಸೇಲ್ಸ್‌ನದು’ ಎಂದು ಯಾರು ಬೇಕಾದರೂ ಹೇಳಲು ಇದಕ್ಕಿಂತ ಅನುಕೂಲವೇನು ಬೇಕು?

ನಮ್ಮಲ್ಲಿ ‘ಟಿಪ್ಪು ಅರಮನೆಯದು’ ಎಂಬ ಮಾತೂ ಸೇರಿಕೊಳ್ಳಬಹುದು. ಟಿಪ್ಪುವಿನ ಮೂವರು ರಾಯಭಾರಿಗಳು 1788ರ ಆಗಸ್ಟ್ 10ರಂದು ವರ್ಸೇಲ್ಸ್‌ನಲ್ಲಿ ಲೂಯಿಯನ್ನು ಕಂಡದ್ದು ನಿಜ. ಆದರೆ ಅವರಿಗೆ ಸಿಕ್ಕ ಉಡುಗೊರೆಗಳಲ್ಲಿ ಹೆಸರಾದದ್ದು ಸೇವ್ರ್ ಪಿಂಗಾಣಿ. ದೀಪದ ಮಾತು ಬಂದರೆ ಪುರಾವೆ ಕೇಳಿ.

ಇನ್ನೊಂದು ಪರೀಕ್ಷೆ ಪುಕ್ಕಟೆ. ಇಂಥ ಹಳೆಯ ದೀಪಗಳು ಮೇಣದಬತ್ತಿಗೆ ಮಾಡಿದವು. ವೈರಿನ ದಾರಿ ಆಮೇಲೆ ಕೊರೆದಂತಿರಬೇಕು. ತೋಳು ಎರಕದಲ್ಲೇ ವೈರಿಗೆ ಹದವಾಗಿ ಟೊಳ್ಳಾಗಿದ್ದರೆ ಅದು ನಂತರದ ನಕಲಿರಬಹುದು.

ಮುಂದೆ ಮಾರುವಾಗ ಲೆಕ್ಕವೇ ಬೇರೆ. 1972ರ ಪುರಾತನ ವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ಅಂದರೆ ಮಾರುವುದು ದೇಶದೊಳಗೇ, ಇಲ್ಲಿ ಕೊಳ್ಳುವವರೂ ದಾಖಲೆ ಕೇಳುತ್ತಾರೆ. ಆದ್ದರಿಂದ ಆಮದಿನ ಕಸ್ಟಮ್ಸ್ ಕಾಗದ, ಹಿಂದಿನ ಮಾಲೀಕರ ಹೆಸರು, ಹರಾಜಿನ ವರ್ಷ, ಲಾಟ್ ಸಂಖ್ಯೆ ಇವಿಷ್ಟನ್ನೂ ಹಣ ಕೊಡುವ ಮೊದಲೇ ಕೇಳಿ ಪಡೆಯಿರಿ. ಕೊಡಲಾಗದಿದ್ದರೆ ತಕ್ಕಡಿ ತರಿಸಿ, ತೂಕದ ಮೇಲೆ ಚೌಕಾಸಿ ಶುರುಮಾಡಿ.