ಕೌದಿ ಬಾಳಬೇಕೆ? ಮೊದಲು ದಾರ ನೋಡಿ

ಮಕ್ಕಳು ಹಾಸ್ಟೆಲಿಗೆ ಹೊರಟಾಗ ಶಿವಮೊಗ್ಗ, ಭದ್ರಾವತಿಯ ಮಳೆ-ಚಳಿ ಬಲ್ಲ ತಾಯಂದಿರು ಟ್ರಂಕಿನ ಜೊತೆ ಹೊದಿಕೆಯನ್ನೂ ಕಟ್ಟಿಕೊಡುವುದುಂಟು. ಅದು ಅಜ್ಜಿಯ ಹಳೆ ಸೀರೆಗಳ ಕೌದಿಯಾದರಂತೂ ಬಲು ಬೆಚ್ಚಗೆ. ಆದರೆ ನಾಲ್ಕು ಒಗೆತಕ್ಕೇ ಹೊಲಿಗೆ ಬಿಚ್ಚಿದರೆ? ಅಂಥ ಸೀರೆ ಮತ್ತೆ ಸಿಗುವುದಿಲ್ಲ. ಬಟ್ಟೆ ಆರಿಸುವಷ್ಟೇ ಎಚ್ಚರದಿಂದ ದಾರವನ್ನೂ ಆರಿಸಬೇಕು.

ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಮಹಿಳೆಯರು ಕೌದಿಯನ್ನು ಅಂಚಿನಿಂದ ಸುತ್ತುತ್ತ ನಡುವಿನವರೆಗೆ ಕೈಯಲ್ಲೇ ಹೊಲಿಯುತ್ತಾರೆ. ದಾರವನ್ನು ಎಷ್ಟು ಎಳೆಯಬೇಕೆಂದು ಅವರ ಬೆರಳಿಗೆ ಗೊತ್ತು. ಅದು ಸಿಕ್ಕಾದರೆ ಕೈ ತಾನೇ ನಿಲ್ಲುತ್ತದೆ.

ಯಂತ್ರಕ್ಕೆ ಈ ಅರಿವಿಲ್ಲ. ದಪ್ಪ ಹೊದಿಕೆಗಳಿಗೆಂದೇ ಇರುವ ಲಾಂಗ್‌ಆರ್ಮ್ ಯಂತ್ರದಲ್ಲಿ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದಿರುತ್ತಾರೆ. ಯಂತ್ರದ ತಲೆಯೇ ಅದರ ಮೇಲೆ ನಾಲ್ಕು ದಿಕ್ಕಿಗೂ ವೇಗವಾಗಿ ಓಡುತ್ತದೆ. ಹೊಲಿಗೆಯಾಗಿ ಕೂರುವ ಮುನ್ನ ದಾರ ಸೂಜಿಯ ಕಣ್ಣಿನಲ್ಲಿ ಹತ್ತಾರು ಬಾರಿ ಉಜ್ಜಿಕೊಳ್ಳುತ್ತದೆ. ಆದ್ದರಿಂದ ಉದ್ದಕ್ಕೂ ಒಂದೇ ದಪ್ಪದ, ಗಂಟಿಲ್ಲದ ಗಟ್ಟಿ ದಾರ ಬೇಕು. ಪಾಲಿಯೆಸ್ಟರ್ ಹೆಚ್ಚು ತಾಳುತ್ತದೆ, ನಾರು ಕಡಿಮೆ ಉದುರಿಸುತ್ತದೆ. ಹತ್ತಿ ದಾರ ಹಳೆ ಸೀರೆಯೊಡನೆ ಚೆನ್ನಾಗಿ ಹೊಂದುತ್ತದೆ. ಆದರೆ ಯಂತ್ರದಲ್ಲಿ ಕೂರುವ ನಾರನ್ನು ಆಗಾಗ ತೆಗೆಯಬೇಕು.

ಮನೆಯ ಹೊಲಿಗೆ ಯಂತ್ರಕ್ಕೂ ಇದೇ ಲೆಕ್ಕ. ಸಾಮಾನ್ಯವಾಗಿ ರೀಲಿನ ಮೇಲಿನ ನಂಬರು ಹೆಚ್ಚಿದಷ್ಟೂ ದಾರ ತೆಳು. 40ರ ದಾರದ ಹೊಲಿಗೆ ಎದ್ದು ಕಾಣುತ್ತದೆ. 60ರದ್ದು ಬಟ್ಟೆಯಲ್ಲಿ ಮರೆಯಾಗುತ್ತದೆ. 40ರ ದಾರಕ್ಕೆ 14 ಅಥವಾ 16ನೇ ನಂಬರಿನ ಸೂಜಿ ಹಾಕಿ. ಕಣ್ಣು ಸಣ್ಣದಾದರೆ ದಾರ ಸವೆದು ತುಂಡಾಗುತ್ತದೆ. ಮೇಣ ಹಚ್ಚಿದ, ಕೈಹೊಲಿಗೆಯ ದಾರವನ್ನು ಯಂತ್ರಕ್ಕೆ ಹಾಕಬೇಡಿ. ಮೇಣ ಉಜ್ಜಿಹೋಗಿ ಒಳಗೆ ಅಂಟುತ್ತದೆ.

ಅಜ್ಜಿಯ ಡಬ್ಬಿಯಲ್ಲಿ ಹಳೆಯ ರೀಲುಗಳಿವೆಯೆ? ಒಂದು ಮೊಳ ದಾರ ಬಿಚ್ಚಿ ಎರಡೂ ಕೈಯಲ್ಲಿ ಎಳೆದು ನೋಡಿ. ಸುಲಭವಾಗಿ ಪಟಕ್ಕನೆ ತುಂಡಾದರೆ ಅದು ಗುಂಡಿ ಹಾಕಲೂ ಬೇಡ.

ಕೊನೆಯ ಪರೀಕ್ಷೆ ಎಲ್ಲಕ್ಕಿಂತ ಮುಖ್ಯ. ಕೌದಿಯಲ್ಲಿ ಎಷ್ಟು ಪದರವಿದೆಯೋ ಅಷ್ಟೇ ಪದರದ ಚಿಂದಿಬಟ್ಟೆ ಜೋಡಿಸಿ, ನೇರವಾಗಿ ಒಂದು ಸಾಲು, ಬಳ್ಳಿಯಂತೆ ಒಂದು ಸಾಲು ಹೊಲಿಯಿರಿ. ತಿರುವಿ ನೋಡಿ. ಅಡಿಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ ಜೋತಿದ್ದರೆ ಮೇಲಿನ ದಾರ ಸಡಿಲವಾಗಿದೆ. ಬಾಬಿನ್ ದಾರ ಮೇಲಕ್ಕೆ ಬಂದು ಚುಕ್ಕಿಯಂತೆ ಕಂಡರೆ ಮೇಲಿನದು ಅತಿ ಬಿಗಿ. ಸರಿಯಾದ ಹೊಲಿಗೆಯಲ್ಲಿ ಎರಡೂ ದಾರ ಪದರಗಳ ನಡುವೆ ಸೇರಿಕೊಳ್ಳುತ್ತವೆ.

ಹೊಲಿಗೆ ಕಲಿಯುವ ವಿದ್ಯಾರ್ಥಿಗಳು ಇಂಥ ಚಿಂದಿಗಳನ್ನು ಎಸೆಯದೆ, ದಾರ ಮತ್ತು ಸೂಜಿಯ ನಂಬರು ಬರೆದು ನೋಟ್‌ಬುಕ್ಕಿಗೆ ಅಂಟಿಸಿಡಲಿ. ಪರೀಕ್ಷೆಗೆ ಕೆಡುವುದು ಅಂಗೈಯಗಲ ಚಿಂದಿ. ಉಳಿಯುವುದು ಅಜ್ಜಿಯ ಸೀರೆ.